ತಿಪಟೂರಿನಿಂದ ದೆಹಲಿಗೆ ಮೊದಲ ಲೋಡು: ರಸ್ತೆ ಹುಡುಕುವ ಮೊದಲು ಮಲಗುವ ಜಾಗ ಹುಡುಕಿ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಎರಡು ವರ್ಷದ ಹಿಂದೆ 12 ಚಕ್ರದ ಹೊಸ ಲಾರಿ ತೆಗೆದುಕೊಂಡೆ. ನಾನೇ ಓಡಿಸುತ್ತೇನೆ. ಇದುವರೆಗೂ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಬಿಟ್ಟು ಆಚೆ ಹೋಗಿಲ್ಲ. ಈಗ ಒಬ್ಬ ವರ್ತಕರು ದೆಹಲಿಗೆ ಕೊಬ್ಬರಿ ಲೋಡು ಕೊಡುತ್ತೇನೆ ಅಂದಿದ್ದಾರೆ. ಮೂರು ದಿನದಲ್ಲಿ ಮುಟ್ಟಿಸಬೇಕಂತೆ. ಜೊತೆಗೆ ನನ್ನ ತಮ್ಮ ಬರುತ್ತಾನೆ, ಅವನ ಹತ್ತಿರ ಕಾರಿನ ಲೈಸೆನ್ಸ್ ಇದೆ. ಪುಣೆ ಮೇಲೆ ಹೋಗಲಾ, ಹೈದರಾಬಾದ್ ಮೇಲೆ ಹೋಗಲಾ? ಯಾವ್ಯಾವ ಕಾಗದ ಬೇಕು? ದಂಡ ಬೀಳದ ಹಾಗೆ, ಅಪಾಯ ಆಗದ ಹಾಗೆ ಹೋಗಿಬರುವುದು ಹೇಗೆ?

ಉತ್ತರ: ಮೊದಲು ಆ ಮೂರು ದಿನದ ಮಾತು ಮುಗಿಸಿಬಿಡೋಣ. ಒಬ್ಬರೇ ಓಡಿಸಿ ಮೂರು ದಿನದಲ್ಲಿ ದೆಹಲಿ ಮುಟ್ಟುವುದು ಆಗದ ಮಾತು. ಒಪ್ಪಿಕೊಳ್ಳಬೇಡಿ.

ಲೆಕ್ಕ ನೀವೇ ಹಾಕಿ. ತಿಪಟೂರಿನಿಂದ ದೆಹಲಿಯ ಆಚೆ ತುದಿಗೆ ಸುಮಾರು 2,250 ಕಿಲೋಮೀಟರ್. ಲೋಡು ತುಂಬಿದ 12 ಚಕ್ರದ ಗಾಡಿ ಒಳ್ಳೆಯ ನಾಲ್ಕು ಪಥದ ರಸ್ತೆಯಲ್ಲೂ ಗಂಟೆಗೆ ಸರಾಸರಿ 45 ಕಿಲೋಮೀಟರ್ ಹೋದರೆ ಹೆಚ್ಚು. ಅಂದರೆ ಬರೀ ಸ್ಟೇರಿಂಗ್ ಹಿಡಿದು ಕೂರುವುದೇ 50 ಗಂಟೆ. ಮೂರು ದಿನಕ್ಕೆ ಇರುವುದು 72 ಗಂಟೆ. ಉಳಿದ 22 ಗಂಟೆಯಲ್ಲಿ ಊಟ, ಸ್ನಾನ, ಡೀಸೆಲ್, ಟೋಲ್, ತಪಾಸಣೆ, ನೋ ಎಂಟ್ರಿಯಲ್ಲಿ ಕಾಯುವುದು, ಟೈರ್ ಪಂಕ್ಚರ್ ಎಲ್ಲ ಮುಗಿಯಬೇಕು. ನಿದ್ದೆಗೆ ಜಾಗ ಎಲ್ಲಿದೆ?

ವರ್ತಕರ ಹತ್ತಿರ ಕೂತು ಏಳು ದಿನ ಎಂದು ಮಾತಾಡಿ. ಅವರಿಗೆ ಅಷ್ಟು ತಡ ಆಗುವುದಿಲ್ಲ ಅಂದರೆ ಹೆವಿ ಲೈಸೆನ್ಸ್ ಇರುವ ಇನ್ನೊಬ್ಬ ಚಾಲಕನ ಸಂಬಳ, ಬ್ಯಾಟಾ (ದಿನದ ಖರ್ಚಿನ ಭತ್ಯೆ) ಬಾಡಿಗೆಯಲ್ಲಿ ಸೇರಿಸಿ ನಾಲ್ಕು ದಿನಕ್ಕೆ ಒಪ್ಪಿಕೊಳ್ಳಿ. ಮೊದಲು ನ್ಯಾಷನಲ್ ಪರ್ಮಿಟ್ (ಬೇರೆ ರಾಜ್ಯಗಳಲ್ಲೂ ಓಡಲು ಸಿಗುವ ಅನುಮತಿ) ಇರುವ ಗಾಡಿಗೆ ಇಬ್ಬರು ಚಾಲಕರು ಇರಲೇಬೇಕು ಎಂಬ ನಿಯಮ ಇತ್ತು. 2018ರಲ್ಲಿ ಅದನ್ನು ತೆಗೆದರು. ನಿಯಮ ಹೋಯಿತು, ಆದರೆ ರಸ್ತೆಯ ಉದ್ದ ಕಮ್ಮಿಯಾಗಿಲ್ಲ.

ನಿಮ್ಮ ತಮ್ಮನನ್ನು ಎರಡನೇ ಚಾಲಕ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಕಾರಿನ ಲೈಸೆನ್ಸ್‌ನಲ್ಲಿ 12 ಚಕ್ರದ ಗಾಡಿ ಮುಟ್ಟುವ ಹಾಗಿಲ್ಲ. ಖಾಲಿ ಹೆದ್ದಾರಿ, ಅರ್ಧ ಗಂಟೆ ಮಾತ್ರ ಅಂತ ಕೊಟ್ಟರೂ ತಪ್ಪೇ. ಸಿಕ್ಕಿಬಿದ್ದರೆ ಓಡಿಸಿದವನಿಗೆ 5,000 ರೂಪಾಯಿ, ಓಡಿಸಲು ಬಿಟ್ಟ ಮಾಲೀಕರಿಗೆ 5,000 ರೂಪಾಯಿ ದಂಡ. ಅದು ಸಣ್ಣದು. ಆ ಅರ್ಧ ಗಂಟೆಯಲ್ಲಿ ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಗಾಯಗೊಂಡವರಿಗೆ ಕೊಟ್ಟ ಹಣವನ್ನೂ ನಿಮ್ಮಿಂದ ವಸೂಲಿ ಮಾಡಬಹುದು. ಲಾರಿಯೂ ಹೋಗುತ್ತದೆ, ತೋಟವೂ ಹೋಗುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆ ಲಖ್ನಾದೌನ್ ದಾಟಿ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹೋಗುತ್ತಿದ್ದೆ. ನಿದ್ದೆ ಬಂದಿದ್ದೇ ಗೊತ್ತಾಗಲಿಲ್ಲ. ಕಣ್ಣು ತೆರೆದೇ ಇತ್ತು. ಎಡಗಡೆ ಚಕ್ರ ಮಣ್ಣಿಗೆ ಇಳಿದು ಗಾಡಿ ಅಲ್ಲಾಡಿದಾಗ ಎಚ್ಚರ ಆಯಿತು. ಅದಕ್ಕೆ ಮುಂಚಿನ ನಾಲ್ಕೈದು ಕಿಲೋಮೀಟರ್ ರಸ್ತೆ ನನಗೆ ಇವತ್ತಿಗೂ ನೆನಪಿಲ್ಲ. ಆ ದಿನದಿಂದ ದಾರಿ ಹಾಕುವ ಕ್ರಮವನ್ನೇ ಬದಲಾಯಿಸಿದೆ. ಮೊದಲು ಯಾವ ರಾತ್ರಿ ಎಲ್ಲಿ ಮಲಗುತ್ತೇನೆ ಎಂದು ಬರೆಯುತ್ತೇನೆ. ಆಮೇಲೆ ಆ ಜಾಗಗಳ ನಡುವೆ ರಸ್ತೆ ಹುಡುಕುತ್ತೇನೆ. ಆಮೇಲೆ ನಾನು ಮೇಲ್ವಿಚಾರಣೆ ನೋಡಿಕೊಂಡ ಗಾಡಿಗಳಿಗೂ ಇದೇ ಕ್ರಮ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ಕೆಲಸಕ್ಕೆ ಗೆರೆ ಎಳೆದಿದ್ದು ಹೀಗೆ: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದರೆ ಕನಿಷ್ಠ ಅರ್ಧ ಗಂಟೆ ಬಿಡುವು. ಸ್ವಂತ ಗಾಡಿ, ನನ್ನನ್ನು ಯಾರು ಕೇಳುತ್ತಾರೆ ಅನ್ನಬೇಡಿ. ಮಾಲೀಕನ ಮೈಗೂ ಚಾಲಕನ ಮೈಗೂ ವ್ಯತ್ಯಾಸ ಇಲ್ಲ. ದಿನಕ್ಕೆ ಏಳೆಂಟು ಗಂಟೆ ಓಡಿಸಿ, 300ರಿಂದ 350 ಕಿಲೋಮೀಟರ್ ಹೋಗಿ. ಅಷ್ಟಕ್ಕೆ ಏಳು ದಿನ ಸರಿಯಾಗುತ್ತದೆ.

ಈಗ ದಾರಿ. ಎರಡು ದೊಡ್ಡ ದಾರಿಗಳಿವೆ. ಒಂದು, ಹುಳಿಯಾರು ಮೇಲೆ ಹಿರಿಯೂರಿಗೆ ಹೋಗಿ ಎನ್‌ಎಚ್ 48 ಹಿಡಿದು ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್, ಅಹಮದಾಬಾದ್, ಉದಯಪುರ, ಜೈಪುರ. ಇನ್ನೊಂದು, ತುಮಕೂರಿಗೆ ಬಂದು ದೇವನಹಳ್ಳಿ ಹತ್ತಿರ ಎನ್‌ಎಚ್ 44 ಸೇರಿ ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ಗ್ವಾಲಿಯರ್, ಆಗ್ರಾ. ನಿಮ್ಮ ಊರಿನಿಂದ ದೂರ ಎರಡೂ ಹತ್ತಿರ ಹತ್ತಿರ ಒಂದೇ. ಮೊದಲ ಟ್ರಿಪ್‌ಗೆ ನಾನು ಎನ್‌ಎಚ್ 44 ಅನ್ನುತ್ತೇನೆ.

ಕಾರಣ ಘಾಟಿಗಳು. ಪುಣೆ ದಾರಿಯಲ್ಲಿ ಸಾತಾರಾ ದಾಟಿದ ಮೇಲೆ ಖಂಬಾಟ್ಕಿ ಘಾಟ್ ಬರುತ್ತದೆ, ಆಮೇಲೆ ಕಾತ್ರಜ್. ಮುಂಬೈ ಕಡೆ ಇಳಿದರೆ ಬೋರ್ ಘಾಟ್. ಕಾತ್ರಜ್ ಸುರಂಗದಿಂದ ಪುಣೆಯ ನವಲೆ ಸೇತುವೆವರೆಗೆ ಉದ್ದಕ್ಕೂ ಇಳಿಜಾರು. ದೊಡ್ಡ ಗಾಡಿಗಳ ಬ್ರೇಕ್ ಹಿಡಿಯದೆ ಅಲ್ಲಿ ಮತ್ತೆ ಮತ್ತೆ ಜನ ಸತ್ತಿದ್ದಾರೆ. ಇಳಿಜಾರು ನೋಡಲು ಅಂಥ ಭಯಂಕರ ಅಲ್ಲ. ಅದೇ ಮೋಸ. ಡೀಸೆಲ್ ಉಳಿಯುತ್ತದೆ ಅಂತ ಚಾಲಕ ಗೇರನ್ನು ನ್ಯೂಟ್ರಲ್‌ಗೆ ಹಾಕುತ್ತಾನೆ.

ನ್ಯೂಟ್ರಲ್‌ನಲ್ಲಿ ಏನಾಗುತ್ತದೆ ನೋಡಿ. ಗೇರಿನಲ್ಲಿದ್ದರೆ ಎಂಜಿನ್ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊಗೆ ಕೊಳವೆಯನ್ನು ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುತ್ತದೆ. ನ್ಯೂಟ್ರಲ್ ಮಾಡಿದರೆ 35 ಟನ್ ಭಾರ ಪೂರ್ತಿ ಬ್ರೇಕ್ ಡ್ರಮ್ ಮೇಲೆ ಬೀಳುತ್ತದೆ. ಡ್ರಮ್ ಕಾಯುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಒತ್ತಿ ಒತ್ತಿ ಬಿಟ್ಟರೆ ಬ್ರೇಕ್ ಹಿಡಿಸುವ ಟ್ಯಾಂಕಿನ ಹವಾ ಖಾಲಿಯಾಗುತ್ತದೆ. ಎಂಜಿನ್ನೇ ಆಫ್ ಮಾಡಿದರಂತೂ ಹವಾ ತುಂಬುವ ಕಂಪ್ರೆಸರ್ ನಿಂತಿತು, ಪವರ್ ಸ್ಟೇರಿಂಗ್ ಗಟ್ಟಿಯಾಯಿತು. ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಶಿರಾಡಿ ಘಾಟಿ ಇಳಿದವರು ನೀವು, ನಿಮಗೆ ಗೊತ್ತಿರುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎನ್‌ಎಚ್ 44ರಲ್ಲೂ ಏರು ಇಳಿಜಾರು ಇದೆ, ಆದರೆ ಇಷ್ಟು ಉದ್ದದ ಘಾಟಿಗಳು, ಪುಣೆ–ಮುಂಬೈ ಕಡೆಯ ವಾಹನ ದಟ್ಟಣೆ, ಮಳೆಗಾಲದ ಸಹ್ಯಾದ್ರಿ ಇಲ್ಲ.

ತುಮಕೂರಿನಿಂದ ಮಧುಗಿರಿ, ಹಿಂದೂಪುರ ಮೇಲೆ ಹೋದರೆ ಟೋಲ್ ಉಳಿಯುತ್ತದೆ ಅಂತ ಯಾರಾದರೂ ಹೇಳಬಹುದು. ಬೇಡ. ಊರೊಳಗಿನ ಕಿರಿದಾದ ರಸ್ತೆ, ಹಂಪ್, ಎದುರಿಗೆ ಟ್ರ್ಯಾಕ್ಟರ್, ದಾರಿಯಲ್ಲಿ ದನ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ. ಬೆಂಗಳೂರಿನ ಒಳಗೆ ಕಾಲಿಡುವುದೇ ಬೇಡ.

ಮಲಗುವ ಜಾಗಗಳನ್ನು ನಾನು ಹೀಗೆ ಹಾಕುತ್ತೇನೆ. ಮೊದಲ ರಾತ್ರಿ ಅನಂತಪುರ. ಎರಡನೇ ದಿನ ಕರ್ನೂಲಿನಲ್ಲಿ ತುಂಗಭದ್ರೆ ದಾಟಿ ರಾತ್ರಿಗೆ ಶಾದ್‌ನಗರ. ಅಂದರೆ ಹೈದರಾಬಾದ್‌ಗೆ ಮೊದಲೇ ನಿಲ್ಲಬೇಕು. ಮೂರನೇ ದಿನ ಬೆಳಿಗ್ಗೆ ಬೇಗ ಎದ್ದು ಶಂಷಾಬಾದ್‌ನಲ್ಲಿ ಹೊರವರ್ತುಲ ರಸ್ತೆ ಹತ್ತಿ, ಮೇಡ್ಚಲ್‌ನಲ್ಲಿ ಇಳಿಯಿರಿ. ಹೈದರಾಬಾದ್ ನಗರ ನಿಮ್ಮ ಬಲಕ್ಕೇ ಉಳಿಯುತ್ತದೆ. ಆಮೇಲೆ ಕಾಮಾರೆಡ್ಡಿ, ಗೋದಾವರಿ, ನಿರ್ಮಲ್ ದಾಟಿ ರಾತ್ರಿಗೆ ಆದಿಲಾಬಾದ್.

ನಾಲ್ಕನೇ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾಗಪುರ ದಾಟಿದ ಮೇಲೆ ಸಿವನಿವರೆಗೆ ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಅಂಚು. ಅಲ್ಲಿ ರಸ್ತೆಯನ್ನು ಎತ್ತರಿಸಿ, ಕೆಳಗೆ ಹುಲಿ, ಜಿಂಕೆ ಓಡಾಡಲು ದೊಡ್ಡ ದೊಡ್ಡ ಕೆಳದಾರಿ ಮಾಡಿದ್ದಾರೆ. ಪಕ್ಕದಲ್ಲಿ ಸದ್ದು ತಡೆಯುವ ಗೋಡೆ ಇದೆ. ನೋಡಿದರೆ ಖುಷಿಯಾಗುತ್ತದೆ. ಈ ತುಂಡನ್ನು ಹಗಲಲ್ಲಿ ದಾಟಿ. ಹಾರ್ನ್ ಬೇಡ, ಗಾಡಿ ನಿಲ್ಲಿಸುವುದು ಬೇಡ. ರಾತ್ರಿಗೆ ಸಿವನಿ. ಐದನೇ ದಿನ ನರ್ಮದೆ ದಾಟಿ, ಮಧ್ಯಪ್ರದೇಶದ ಸಾಗರ್ ಪಟ್ಟಣ ಕಳೆದು ಲಲಿತಪುರ. ಆರನೇ ದಿನ ಝಾನ್ಸಿ, ಗ್ವಾಲಿಯರ್ ಬೈಪಾಸ್‌ಗಳಲ್ಲಿ ಹೋಗಿ ಚಂಬಲ್ ಸೇತುವೆ ದಾಟಿ ಧೋಲ್‌ಪುರ. ಕೊನೆಯ ದಿನ ಆಗ್ರಾ ಊರೊಳಗೆ ನುಗ್ಗದೆ ಗ್ವಾಲಿಯರ್ ರಸ್ತೆಯಿಂದಲೇ ದಕ್ಷಿಣ ಬೈಪಾಸ್ ಹಿಡಿದು ಮಥುರಾ ರಸ್ತೆ ಸೇರಿ.

ಇದು ಕಲ್ಲಿನ ಮೇಲೆ ಕೆತ್ತಿದ ಪಟ್ಟಿ ಅಲ್ಲ. ಒಂದು ದಿನ ಐವತ್ತು ಕಿಲೋಮೀಟರ್ ಹಿಂದೆ ಬಿದ್ದರೂ ಸರಿ. ಆದರೆ ಸಂಜೆ ಆರಕ್ಕೆ ಇವತ್ತು ಎಲ್ಲಿ ನಿಲ್ಲುತ್ತೇನೆ ಅಂತ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಹೋದವರೇ ರಾತ್ರಿ ಎರಡು ಗಂಟೆಗೆ ರಸ್ತೆ ಪಕ್ಕದಲ್ಲಿ ಗಾಡಿ ಹಾಕಿ ಮಲಗುತ್ತಾರೆ. ಹೆದ್ದಾರಿ ಅಂಚಿನಲ್ಲಿ ಲೈಟ್ ಇಲ್ಲದೆ ನಿಂತ ಲಾರಿ ಹಿಂದಿನಿಂದ ಬರುವ ಕಾರಿಗೆ ಕಾಣುವುದೇ ಇಲ್ಲ. ಪೆಟ್ರೋಲ್ ಬಂಕ್, ಬೆಳಕಿರುವ ದೊಡ್ಡ ಡಾಬಾ, ಹೆದ್ದಾರಿ ಪಕ್ಕದ ಲಾರಿ ನಿಲ್ದಾಣ, ಇವುಗಳಲ್ಲಿ ಮಾತ್ರ ನಿಲ್ಲಿಸಿ. ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡು, ರಾತ್ರಿ ಇಲ್ಲೇ ಇರುತ್ತೇವೆ ಅಂದರೆ ಬಹಳ ಕಡೆ ಬೇಡ ಅನ್ನುವುದಿಲ್ಲ. ಡೀಸೆಲ್ ಟ್ಯಾಂಕಿಗೆ ಬೀಗ ಇರಲಿ. ಟಾರ್ಪಾಲ್ ಹಗ್ಗವನ್ನು ಬೆಳಿಗ್ಗೆ ಎದ್ದ ತಕ್ಷಣ ಒಂದು ಸುತ್ತು ನೋಡಿ.

ಗಾಡಿ ಕೆಟ್ಟು ನಿಂತರೆ ಪಾರ್ಕಿಂಗ್ ಲೈಟ್ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ದೂರಕ್ಕೆ ಒಯ್ದು ಇಡಿ. ಗಾಡಿಯ ಬುಡದಲ್ಲೇ ಇಟ್ಟರೆ ಪ್ರಯೋಜನ ಇಲ್ಲ. ಕಲ್ಲು, ಮರದ ಕೊಂಬೆ ಇಡಬೇಡಿ. ಹೋಗುವಾಗ ಅದನ್ನು ತೆಗೆಯುವುದು ಮರೆತುಹೋಗುತ್ತದೆ, ಬೈಕಿನವರು ಬೀಳುತ್ತಾರೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಪೊಲೀಸ್, ಆಂಬುಲೆನ್ಸ್‌ಗೆ 112. ಎರಡೂ ನಂಬರನ್ನು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿ.

ಲೋಡಿಂಗ್ ದಿನದ ಕೆಲಸಕ್ಕೆ ಬರೋಣ. ಕೊಬ್ಬರಿ ನೋಡಲು ಸಾಧು ಮಾಲು. ಆದರೆ ಎಣ್ಣೆ ಇರುವ ಮಾಲು ಒದ್ದೆಯಾಗಿ, ಗಾಳಿ ಆಡದೆ ಒತ್ತಿಕೊಂಡು ಕೂತರೆ ಒಳಗೇ ಬಿಸಿಯಾಗುತ್ತದೆ. ಹಡಗಿನಲ್ಲಿ ಕೊಬ್ಬರಿ ಸಾಗಿಸುವಾಗ ತಾನಾಗಿ ಹೊತ್ತಿಕೊಳ್ಳಬಹುದಾದ ಸರಕು ಅಂತಲೇ ಅದನ್ನು ನೋಡುತ್ತಾರೆ. ಆದ್ದರಿಂದ ಚೀಲಗಳನ್ನು ಕೈಯಿಟ್ಟು ನೋಡಿ. ಒದ್ದೆ, ಬೂಸ್ಟು ಹಿಡಿದ ಚೀಲ ಕಂಡರೆ ಹತ್ತಿಸಿಕೊಳ್ಳಬೇಡಿ. ತೂತಿಲ್ಲದ ಟಾರ್ಪಾಲ್ ಎರಡು ಪದರ ಹಾಕಿ. ಲೋಡಿನ ಮೇಲೆ ಕೂತು ಬೀಡಿ ಸೇದಲು ಯಾರನ್ನೂ ಬಿಡಬೇಡಿ.

ತೂಕದ ವಿಷಯದಲ್ಲಿ ನಿಮ್ಮ ಆರ್‌ಸಿಯಲ್ಲಿ ಬರೆದಿದ್ದೇ ಕೊನೆ ಮಾತು. 2018ರ ಜುಲೈನಲ್ಲಿ ಆಕ್ಸಲ್ ತೂಕದ ಮಿತಿ ಜಾಸ್ತಿ ಮಾಡಿದ ಮೇಲೆ ಬಂದ 12 ಚಕ್ರದ ಗಾಡಿಗಳು ಸಾಮಾನ್ಯವಾಗಿ ಒಟ್ಟು 35 ಟನ್‌ಗೆ ನೋಂದಣಿ ಆಗಿರುತ್ತವೆ. ಹಳೆಯವು 31 ಟನ್. ಖಾಲಿ ಗಾಡಿ ಹನ್ನೊಂದೂವರೆ ಟನ್ ಇದ್ದರೆ ಮಾಲು ಇಪ್ಪತ್ತಮೂರೂವರೆ ಟನ್ ಮಾತ್ರ. ಟಾರ್ಪಾಲ್, ಹಗ್ಗ, ತುಂಬಿದ ಡೀಸೆಲ್ ಟ್ಯಾಂಕ್, ನೀವಿಬ್ಬರು ಎಲ್ಲ ಆ ಒಟ್ಟು ತೂಕದಲ್ಲೇ ಬರುತ್ತೀರಿ. ಲೋಡು ಆದ ಮೇಲೆ ವೇಬ್ರಿಡ್ಜ್‌ಗೆ ಹೋಗಿ ತೂಕದ ಚೀಟಿ ತೆಗೆದುಕೊಂಡೇ ಹೊರಡಿ.

ಜಾಸ್ತಿ ಹಾಕಿದರೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಮೂರು ಟನ್ ಜಾಸ್ತಿ ಇದ್ದರೆ 26,000. ಮಾಲು ಇಳಿಸುವ ಖರ್ಚೂ ನಿಮ್ಮದೇ. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ಬಾಡಿಯಿಂದ ಆಚೆ ಮಾಲು ಚಾಚಿಕೊಂಡಿದ್ದರೆ ಅದಕ್ಕೂ ಬೇರೆ 20,000. ಒಂದು ಟನ್ ಜಾಸ್ತಿ ಹಾಕಿ ಸಿಗುವ ಬಾಡಿಗೆಯನ್ನು ಇದರ ಪಕ್ಕ ಬರೆದು ನೋಡಿ. ನಿಮ್ಮ ದಾರಿಯಲ್ಲಿ ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರ ಪ್ರದೇಶ, ರಾಜಸ್ಥಾನದ ಒಂದು ತುಣುಕು, ಹರಿಯಾಣ, ದೆಹಲಿ ಬರುತ್ತವೆ. ಎಲ್ಲಿ ಬೇಕಾದರೂ ತೂಗಬಹುದು. ಕೆಲವು ರಾಜ್ಯಗಳು ಗಡಿ ಚೆಕ್‌ಪೋಸ್ಟ್ ತೆಗೆದಿವೆ. ಗುಜರಾತ್ 2019ರಲ್ಲಿ, ಮಧ್ಯಪ್ರದೇಶ 2024ರ ಜುಲೈನಲ್ಲಿ ತೆಗೆಯಿತು. ಚೆಕ್‌ಪೋಸ್ಟ್ ಹೋಯಿತು ಅಂದರೆ ತಪಾಸಣೆ ಹೋಯಿತು ಅಂತಲ್ಲ. ತಂಡಗಳು ಗಾಡಿಯಲ್ಲಿ ಬಂದು ದಾರಿಯಲ್ಲೇ ನಿಲ್ಲಿಸುತ್ತವೆ. ಟೋಲ್‌ನಲ್ಲೂ ಓಡುವಾಗಲೇ ತೂಗುವ ಯಂತ್ರಗಳಿವೆ.

ಭಾರ ಜಾಸ್ತಿಯಾದರೆ ದಂಡಕ್ಕಿಂತ ದೊಡ್ಡ ತೊಂದರೆ ಟೈರಿನದು. ಏಪ್ರಿಲ್, ಮೇ ತಿಂಗಳಲ್ಲಿ ಆದಿಲಾಬಾದ್‌ನಿಂದ ನಾಗಪುರದ ಕಡೆ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಕಾದ ರಸ್ತೆ, ಭಾರ, ಹವಾ ಕಮ್ಮಿ ಇರುವ ಟೈರ್, ಮೂರೂ ಸೇರಿದರೆ ಸಿಡಿಯುತ್ತದೆ. ಹವಾ ಕಮ್ಮಿ ಇದ್ದರೆ ಟೈರಿನ ಪಕ್ಕೆ ಜಾಸ್ತಿ ಮಡಚಿ ಮಡಚಿ ಬಿಸಿಯಾಗುತ್ತದೆ, ಅದೇ ಕಾರಣ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಹವಾ ನೋಡಿಸಿ. ಮಧ್ಯಾಹ್ನ ಕಾದಾಗ ಗೇಜ್ ಜಾಸ್ತಿ ತೋರಿಸಿತು ಅಂತ ಹವಾ ಬಿಡಬೇಡಿ. ಜೋಡಿ ಟೈರುಗಳಲ್ಲಿ ಒಳಗಿನದನ್ನು ಮರೆಯುವವರೇ ಜಾಸ್ತಿ. ಬೇಸಿಗೆಯಲ್ಲಿ ಬೆಳಗಿನ ಐದಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲಿಸಿ, ಸಂಜೆ ನಾಲ್ಕರ ಮೇಲೆ ಉಳಿದ ಎರಡು ಗಂಟೆ ಓಡಿಸಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ಬಹಳ ಒಳ್ಳೆಯ ಕೆಲಸ. ನಿಮ್ಮ ಗಾಡಿಯಲ್ಲಿ ಇಲ್ಲದಿದ್ದರೆ ನೆರಳಿನ ಹೊತ್ತೇ ನಿಮ್ಮ ಎಸಿ.

ಡಿಸೆಂಬರ್, ಜನವರಿಯಲ್ಲಿ ಹೊರಟರೆ ಬೇರೆ ಲೆಕ್ಕ. ಗ್ವಾಲಿಯರ್‌ನಿಂದ ಆಚೆಗೆ ಬೆಳಗಿನ ಮಂಜು ಎಂಥದು ಅಂದರೆ ಬಾನೆಟ್ಟಿನ ಮುಂದೆ ಏನೂ ಕಾಣುವುದಿಲ್ಲ. ನಮ್ಮ ಮಲೆನಾಡಿನ ಮಂಜಿನ ಹಾಗಲ್ಲ ಅದು. ಆಗ ಐದಕ್ಕೆ ಹೊರಡುವ ಮಾತೇ ಇಲ್ಲ. ಬಿಸಿಲು ಬರುವವರೆಗೆ ಡಾಬಾದಲ್ಲೇ ಕೂತಿರಿ. ಹಿಂದಿನ ಕೆಂಪು, ಮುಂದಿನ ಬಿಳಿ ರಿಫ್ಲೆಕ್ಟರ್ ಟೇಪನ್ನು ದಿನಾ ಒರೆಸಿ. ಧೂಳು ಕೂತ ಟೇಪ್ ಇದ್ದರೂ ಇಲ್ಲದ ಹಾಗೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಪಥದಲ್ಲಿ ಸರಕು ಗಾಡಿಗೆ ಮಿತಿ 80, ಊರೊಳಗೆ 60. ಬೋರ್ಡಿನಲ್ಲಿ ಇನ್ನೂ ಕಮ್ಮಿ ಹಾಕಿದ್ದರೆ ಅದೇ ಮಿತಿ. ನೀವು 60ರಲ್ಲೇ ಹೋಗಿ, ಎಡಗಡೆ ಪಥ ಬಿಡಬೇಡಿ.

ಈಗ ಕಾಗದ. ಕರ್ನಾಟಕದ ಪರ್ಮಿಟ್ ಮಾತ್ರ ಇದ್ದರೆ ಬಾಗೇಪಲ್ಲಿ ದಾಟುವ ಹಾಗಿಲ್ಲ. ನ್ಯಾಷನಲ್ ಪರ್ಮಿಟ್ ಬೇಕು. ಅದರ ಒಟ್ಟು ಶುಲ್ಕ ವರ್ಷಕ್ಕೆ 16,500 ರೂಪಾಯಿ, ಜೊತೆಗೆ ನಮ್ಮ ರಾಜ್ಯದ ಅಧಿಕಾರಪತ್ರಕ್ಕೆ 1,000. ಪರಿವಾಹನ್ ಪೋರ್ಟಲ್‌ನಲ್ಲೇ ಕಟ್ಟಬಹುದು. ಪರ್ಮಿಟ್ ಇಲ್ಲದೆ ಸಿಕ್ಕಿದರೆ 10,000 ದಂಡ, ಜೈಲಿಗೂ ಅವಕಾಶ ಇದೆ. ಗಾಡಿಯ ಮುಂದೆ ಹಿಂದೆ ಎನ್‌ಪಿ ಎಂದು ದಪ್ಪಕ್ಷರದಲ್ಲಿ ಬರೆಸಿ. ಫಾಸ್ಟ್ಯಾಗ್, ಗಾಡಿ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಸಾಧನ ಎರಡೂ ಇರಬೇಕು. ಮಾಲನ್ನು ಮುಚ್ಚಿರಬೇಕು.

ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಗಾಡಿ ತೆಗೆದುಕೊಂಡು ಎರಡು ವರ್ಷ ಅಂದಿರಿ. ಹೊಸ ಗಾಡಿಯ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಎರಡೇ ವರ್ಷಕ್ಕೆ ಇರುತ್ತದೆ. ಇವತ್ತೇ ತೆಗೆದು ನೋಡಿ, ಗಡುವು ಮುಗಿಯುತ್ತಿದ್ದರೆ ಮಾಡಿಸಿಕೊಂಡೇ ಹೊರಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎಫ್‌ಸಿ ಇಲ್ಲದ ಗಾಡಿಗೆ ಕ್ಲೇಮ್ ಕೇಳಲು ಹೋದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದೇ ಅದನ್ನು. ಇನ್ಶೂರೆನ್ಸ್, ಎಮಿಷನ್, ರಸ್ತೆ ತೆರಿಗೆ, ನಿಮ್ಮ ಲೈಸೆನ್ಸ್ ಇವುಗಳ ಕೊನೆ ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ವಾಪಸ್ ಬರುವ ದಿನದವರೆಗೂ ಎಲ್ಲ ಜೀವಂತ ಇರಬೇಕು, ಹೊರಡುವ ದಿನ ಮಾತ್ರ ಇದ್ದರೆ ಸಾಲದು. ಡಿಜಿಲಾಕರ್, ಎಂಪರಿವಾಹನ್‌ನಲ್ಲಿ ತೋರಿಸಿದರೆ ಕಾನೂನಿಗೆ ಸಾಕು. ಆದರೂ ಒಂದು ಸೆಟ್ ಕಾಗದ ಕ್ಯಾಬಿನ್‌ನಲ್ಲಿ ಇಡಿ. ಮೊಬೈಲ್ ಚಾರ್ಜ್ ಹೋಗಲು ಬೇರೆ ಹೊತ್ತು ನೋಡುವುದಿಲ್ಲ.

ಮಾಲಿನ ಕಾಗದ ವರ್ತಕರದು, ಆದರೆ ಸಿಕ್ಕಿಬೀಳುವುದು ನಿಮ್ಮ ಗಾಡಿ. ಬಿಲ್ಲು, ಎಲ್‌ಆರ್ (ಲಾರಿ ಸಾಗಣೆಯ ರಸೀದಿ), ಎಪಿಎಂಸಿ ಮಾಲಾದರೆ ಅದರ ಚೀಟಿ, ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ) ಇವಿಷ್ಟು ಕೈಗೆ ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ನಿಮ್ಮ ಲೋಡು ಅದರ ಎಷ್ಟೋ ಪಟ್ಟು. ಅದರ ಎರಡನೇ ಭಾಗದಲ್ಲಿ ನಿಮ್ಮ ಗಾಡಿ ನಂಬರ್ ಸರಿಯಾಗಿದೆಯಾ ಅಂತ ಒಂದೊಂದು ಅಕ್ಷರ ನೋಡಿ. ದಾರಿಯಲ್ಲಿ ಗಾಡಿ ಕೆಟ್ಟು ಮಾಲನ್ನು ಬೇರೆ ಲಾರಿಗೆ ಹಾಕಿದರೆ ನಂಬರ್ ಬದಲಾಯಿಸಿಯೇ ಹೊರಡಬೇಕು. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಗಡುವು ಸಿಗುತ್ತದೆ. 2,250 ಕಿಲೋಮೀಟರಿಗೆ 12 ದಿನ. ನೀವು ಏಳು ದಿನದಲ್ಲಿ ಮುಟ್ಟುತ್ತೀರಿ. ಅಂದರೆ ಅವಸರ ಮಾಡು ಅಂತ ಸರ್ಕಾರ ಹೇಳುತ್ತಿಲ್ಲ. ಏನೋ ಆಗಿ ಗಡುವು ಮುಗಿಯುವ ಹಾಗಿದ್ದರೆ, ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಅದನ್ನು ಮುಂದಕ್ಕೆ ಹಾಕಿಸಬಹುದು.

ಇಳಿಸುವ ವಿಳಾಸವನ್ನು ಬಿಲ್ಲಿನಿಂದ ಓದಿ ಸುಮ್ನೆ ಬಿಡಬೇಡಿ. ನನಗೆ ಹಿಂದೆ ಒಂದು ಪಾರ್ಟಿ ಹಳೆ ದೆಹಲಿಯ ಖಾರಿ ಬಾವ್ಲಿ ಅಂತ ಬರೆದು ಕಳಿಸಿತ್ತು. ಅಲ್ಲಿಗೆ ದೊಡ್ಡ ಲಾರಿ ಹೋಗುವುದೇ ಇಲ್ಲ. ಎರಡು ದಿನ ಕಾದ ಮೇಲೆ ಗೋದಾಮು ಬೇರೆ ಕಡೆ ಇದೆ ಅಂತ ತಿಳಿಯಿತು. ಅಂಗಡಿ ಖಾರಿ ಬಾವ್ಲಿಯಲ್ಲಿ ಇರಬಹುದು. ಗೋದಾಮು ಅಲಿಪುರ, ನರೇಲಾ, ಇಲ್ಲವೇ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದ ಕಡೆ ಇರಬಹುದು. ಇವೆಲ್ಲ ದೆಹಲಿಯ ಉತ್ತರಕ್ಕಿವೆ. ಹಾಗಿದ್ದರೆ ಪಲ್ವಲ್‌ನಲ್ಲಿ ಹೊರ ಎಕ್ಸ್‌ಪ್ರೆಸ್‌ವೇ ಹತ್ತಿ. ಪೂರ್ವದ್ದಾಗಲಿ ಪಶ್ಚಿಮದ್ದಾಗಲಿ ಎರಡೂ ಸುಮಾರು 135 ಕಿಲೋಮೀಟರ್, ಎರಡೂ ಕುಂಡ್ಲಿಗೇ ಬಂದು ಸೇರುತ್ತವೆ. ಕುಂಡ್ಲಿಯಿಂದ ದೆಹಲಿಯ ಉತ್ತರದ ಬಾಗಿಲು ಎದುರಿಗೇ ಇದೆ. ಊರ ಮಧ್ಯದಿಂದ ಹಾದುಹೋಗುವ ತೊಂದರೆ ತಪ್ಪುತ್ತದೆ.

ಕುಂಡ್ಲಿಯಲ್ಲಿ ಸಂಜೆ ನಿಲ್ಲಿಸಿ, ಊಟ ಮಾಡಿ, ಎರಡು ಗಂಟೆ ಮಲಗಿ. ದೊಡ್ಡ ಗಾಡಿಗೆ ದೆಹಲಿಯಲ್ಲಿ ಹಗಲು ನೋ ಎಂಟ್ರಿ ಹೊತ್ತು ಇರುತ್ತದೆ, ರಾತ್ರಿ ಬಿಡುತ್ತಾರೆ. ಗೋದಾಮಿನವರಿಗೆ ಫೋನ್ ಮಾಡಿ ಅವರ ರಸ್ತೆಯ ಹೊತ್ತು ಕೇಳಿಕೊಳ್ಳಿ. ಒಳಗೆ ಹೋಗಲು ದೆಹಲಿ ಪಾಲಿಕೆಯ ಬೇರೆ ಆರ್‌ಎಫ್‌ಐಡಿ ಟ್ಯಾಗ್ ಬೇಕು, ಫಾಸ್ಟ್ಯಾಗ್ ಅಲ್ಲ ಅದು. ಪರಿಸರ ಪರಿಹಾರ ಶುಲ್ಕವನ್ನೂ ಅದರಲ್ಲೇ ಹಿಡಿಯುತ್ತಾರೆ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2015ರಿಂದ ಇದು ಇದೆ. ಬಾಡಿಗೆ ಮಾತಾಡುವಾಗಲೇ ಈ ಶುಲ್ಕ ಯಾರದು ಅಂತ ಬರೆಸಿಕೊಳ್ಳಿ. ಹೊಗೆಯ ವಿಷಯದಲ್ಲಿ ನಿಮಗೆ ಚಿಂತೆ ಇಲ್ಲ, ನಿಮ್ಮದು ಬಿಎಸ್-6 (ಹೊಗೆ ಮಿತಿಯ ಹೊಸ ಮಾನದಂಡ). ದೆಹಲಿಯಲ್ಲಿ ನೋಂದಣಿಯಾಗದ ಹಳೆಯ ಸರಕು ಗಾಡಿಗಳಿಗೆ 2025ರ ನವೆಂಬರ್ 1ರಿಂದ ಒಳಗೆ ಬಿಡುವುದನ್ನು ನಿಲ್ಲಿಸಿದ್ದಾರೆ. ಬಿಎಸ್-4ಕ್ಕೆ ಮಾತ್ರ 2026ರ ಅಕ್ಟೋಬರ್ 31ರವರೆಗೆ ಕಾಲ ಕೊಟ್ಟಿದ್ದಾರೆ. ನಿಮ್ಮ ಊರಿನ ಬೇರೆ ಲಾರಿಯವರು ಕೇಳಿದರೆ ಹೇಳಿ. ಬಿಎಸ್-6 ಗಾಡಿಗೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣ ಮಾತ್ರ ಖಾಲಿಯಾಗಲು ಬಿಡಬೇಡಿ, ಎಂಜಿನ್ ಶಕ್ತಿ ಕಮ್ಮಿ ಮಾಡಿಬಿಡುತ್ತದೆ. ಒಂದು ಕ್ಯಾನ್ ಗಾಡಿಯಲ್ಲೇ ಇರಲಿ.

ದೇವರ ದಯೆಯಿಂದ ಏನೂ ಆಗದಿರಲಿ. ಆದರೂ ಅಪಘಾತ ಆದರೆ ಏನು ಮಾಡಬೇಕು ಅಂತ ಹೊರಡುವ ಮೊದಲೇ ಅಣ್ಣ ತಮ್ಮ ಕೂತು ಮಾತಾಡಿಕೊಳ್ಳಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ. ಜನ ಸೇರಿ ಹೊಡೆಯುತ್ತಾರೆ ಎಂಬ ಹೆದರಿಕೆ ನನಗೂ ಗೊತ್ತು, ಅದು ಸುಳ್ಳಲ್ಲ. ಹಾಗನ್ನಿಸಿದರೆ 112ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ, ನೇರ ಹತ್ತಿರದ ಠಾಣೆಗೆ ಹೋಗಿ. ಓಡಿಹೋಗಿ ಅಡಗಬೇಡಿ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆ 2025ರಲ್ಲಿ ದೇಶಕ್ಕೆಲ್ಲ ಬಂದಿದೆ. ಆ ಸೌಲಭ್ಯ ನಿಮಗೂ ಇದೆ, ಎದುರಿನವರಿಗೂ ಇದೆ.

ಮಾಲು ಇಳಿದ ಮೇಲೆ ಎಲ್‌ಆರ್ ಮೇಲೆ ಸಹಿ, ಸೀಲು, ತಾರೀಖು ಮೂರೂ ಹಾಕಿಸಿಕೊಳ್ಳಿ, ಫೋಟೋ ತೆಗೆದು ವರ್ತಕರಿಗೆ ಕಳಿಸಿ. ಆಮೇಲೆ ಒಂದು ಇಡೀ ದಿನ ಅಲ್ಲೇ ವಿಶ್ರಾಂತಿ ಮಾಡಿ.

ವಾಪಸ್ ಲೋಡಿಗೆ ಅಲ್ಲಿ ದಲ್ಲಾಳಿಗಳು ಬರುತ್ತಾರೆ. ಒಂದು ನಿಯಮ ನೆನಪಿರಲಿ. ನ್ಯಾಷನಲ್ ಪರ್ಮಿಟ್‌ನಲ್ಲಿ ಬೇರೆ ರಾಜ್ಯದ ಒಳಗೇ ಒಂದು ಊರಿನಿಂದ ಇನ್ನೊಂದು ಊರಿಗೆ ಮಾಲು ಸಾಗಿಸುವ ಹಾಗಿಲ್ಲ. ಹರಿಯಾಣದಿಂದ ನಾಗಪುರಕ್ಕೆ ತರಬಹುದು, ನಾಗಪುರದಿಂದ ಹೈದರಾಬಾದ್‌ಗೆ ತರಬಹುದು. ನಾಗಪುರದಲ್ಲಿ ತುಂಬಿ ಪುಣೆಯಲ್ಲಿ ಇಳಿಸಿದರೆ ಪರ್ಮಿಟ್ ಮುರಿದ ಹಾಗೆ. ನೇರ ಬೆಂಗಳೂರಿಗೋ ತುಮಕೂರಿಗೋ ಲೋಡು ಸಿಗುವವರೆಗೆ ಒಂದೆರಡು ದಿನ ಕಾಯುವುದೇ ಲಾಭ.

ತಮ್ಮನ ಲೈಸೆನ್ಸ್ ಕೆಲಸವನ್ನು ಈ ಟ್ರಿಪ್‌ಗೆ ಮುಂಚೆಯೇ ಶುರು ಮಾಡಿ. ಕಾರಿನ ಲೈಸೆನ್ಸ್ ಬಂದು ಒಂದು ವರ್ಷ ಆಗಿದ್ದು, ವಯಸ್ಸು 20 ತುಂಬಿದ್ದರೆ ದೊಡ್ಡ ಗಾಡಿಯ ಕಲಿಕಾ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಎಂಟನೇ ತರಗತಿ ಓದಿರಬೇಕು ಎಂಬ ಷರತ್ತನ್ನು 2019ರಲ್ಲಿ ತೆಗೆದಿದ್ದಾರೆ. ಒಳ್ಳೆಯ ತರಬೇತಿ ಶಾಲೆಗೆ ಸೇರಿಸಿ ಕಲಿಸಿ. ಈ ಸಲ ಅವನು ಪಕ್ಕದಲ್ಲಿ ಕೂತು ದಾರಿ ನೋಡಲಿ, ತೂಕದ ಚೀಟಿ, ಇ-ವೇ ಬಿಲ್ ಲೆಕ್ಕ ಅವನೇ ಇಟ್ಟುಕೊಳ್ಳಲಿ, ಸಂಜೆ ನಿಲ್ಲುವ ಜಾಗ ಅವನೇ ಫೋನ್ ಮಾಡಿ ಗೊತ್ತು ಮಾಡಲಿ. ಲೈಸೆನ್ಸ್ ಕೈಗೆ ಬಂದು, ಊರ ಸುತ್ತಮುತ್ತ ಲೋಡಿನ ಗಾಡಿ ಓಡಿಸಿ ಕೈ ಕುದುರಿದ ಮೇಲೆ ವರ್ತಕರಿಗೆ ನೀವೇ ಹೋಗಿ ಹೇಳಬಹುದು, ಇನ್ನು ನಾಲ್ಕು ದಿನದಲ್ಲಿ ಮುಟ್ಟಿಸುತ್ತೇವೆ ಅಂತ.